ಊರಿಗೆಲ್ಲಾ ಪರಿಮಳ, ಮನೆಯೊಳಗೆ ಉಸಿರುಕಟ್ಟು!

ಮೈಸೂರು ಎಂದರೆ ಪರಿಮಳದ ಊರು. ಗಂಧದೆಣ್ಣೆ ಕಾರ್ಖಾನೆ ಇಲ್ಲಿ ಶುರುವಾದದ್ದು 1910ರ ದಶಕದಲ್ಲಿ. ಮಲ್ಲಿಗೆಗೆ ಊರಿನ ಹೆಸರೇ ಅಂಟಿಕೊಂಡಿದೆ. ಊದುಬತ್ತಿಗೂ ಅಷ್ಟೆ. 'ಮೈಸೂರು ಅಗರಬತ್ತಿ' ಎಂಬ ಹೆಸರಿಗೆ 2005ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ಸಿಕ್ಕಿದೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಂದು ಸುತ್ತು ಹಾಕಿ ಬಂದವರ ಅಂಗಿಯೂ ಘಮ್ ಎನ್ನುತ್ತದೆ.

ಹೊರಗಿನ ಕಥೆ ಇದಾಯಿತು. ಒಳಗಿನ ಕಥೆ ಏನು? ಸಂಜೆ ಬಸ್ಸಿಳಿದು ಬಂದು ಬಾಡಿಗೆ ಮನೆಯ ಬೀಗ ತೆಗೆದರೆ ಮುಖಕ್ಕೆ ಹೊಡೆಯುವುದು ಮುಗ್ಗಲು ವಾಸನೆ. ಬೆಳಗಿನ ಒಗ್ಗರಣೆ ಇನ್ನೂ ಅಲ್ಲೇ ಸುಳಿದಾಡುತ್ತಿರುತ್ತದೆ. ಬಚ್ಚಲ ಕಡೆಯಿಂದ ಬರುವ ಗಬ್ಬು ಬೇರೆ. ಆಗ ಮನೆಯವರು ಮಾಡುವುದೇನು? ಕಿಟಕಿ ತೆಗೆಯುವುದಲ್ಲ, ಎರಡು ಊದುಬತ್ತಿ ಹಚ್ಚುವುದು, ಇಲ್ಲವೇ ಡಬ್ಬಿಯ ಸ್ಪ್ರೇ ಹೊಡೆಯುವುದು. ಕೊಳೆ ಅಂಗಿಯ ಮೇಲೆ ಸೆಂಟು ಹಚ್ಚಿಕೊಂಡ ಹಾಗೆ!

ಇಲ್ಲೇ ಒಂದು ಮಾತು ಸ್ಪಷ್ಟವಾಗಬೇಕು. ವಾಸನೆ ಹಾಕುವುದು ಬೇರೆ, ಗಾಳಿ ಹಸನು ಮಾಡುವುದು ಬೇರೆ. ಮೊದಲನೆಯದಕ್ಕೆ ಅಂಗಡಿಯಲ್ಲಿ ಕಾಸು ಬಿಚ್ಚಬೇಕು. ಎರಡನೆಯದು ಬಹುಮಟ್ಟಿಗೆ ಪುಕ್ಕಟೆ. ಆದರೂ ಜನ ಮೊದಲನೆಯದನ್ನೇ ನೆಚ್ಚಿಕೊಂಡಿದ್ದಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಷ್ಟೋ ಮನೆಗಳಲ್ಲಿ ತೆಗೆಯೋಣವೆಂದರೆ ಕಿಟಕಿಯೇ ಇಲ್ಲ!

ಪ್ಲೇಗು ಕಲಿಸಿದ ಪಾಠ

ಗಾಳಿ ಬೆಳಕಿನ ವಿಚಾರ ಈ ಊರಿಗೆ ಹೊಸದಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟಿತು. ಜನ ಮನೆಮಠ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಒತ್ತೊತ್ತಾದ ಕೇರಿ, ಕತ್ತಲೆ ಕೋಣೆ, ಕಟ್ಟಿಕೊಂಡ ಮೋರಿ ಇವುಗಳ ಕಡೆ ಆಗ ಅಧಿಕಾರಿಗಳ ಕಣ್ಣು ಬಿತ್ತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ರಸ್ತೆ ಅಗಲವಾಯಿತು, ಹೊಸ ಬಡಾವಣೆ ಎದ್ದಿತು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬಂತು. ಪ್ಲೇಗು ಮುಖ್ಯವಾಗಿ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದು ಆಮೇಲೆ ಎಲ್ಲರಿಗೂ ತಿಳಿಯಿತು. ಆದರೇನು, ಆ ನೆಪದಲ್ಲಿ ಮನೆಗಳ ಹಿಂದೆ ಮುಂದೆ ಗಾಳಿಗೆ ಒಂದು ದಾರಿ ಸಿಕ್ಕಿತು.

ಅದಕ್ಕೂ ಹಿಂದಿನ ತೊಟ್ಟಿ ಮನೆಗಳ ಉಪಾಯ ಇನ್ನೂ ಸೊಗಸು. ನಡುವೆ ಬಯಲು ತೊಟ್ಟಿ, ಸುತ್ತ ಪಡಸಾಲೆ, ಗೋಡೆಯ ನೆತ್ತಿಯಲ್ಲಿ ಬೆಳಕಿಂಡಿ, ಮೇಲೆ ಹೆಂಚು. ಬಿಸಿ ಗಾಳಿ ಮೇಲೇರುತ್ತದೆ; ಬೆಳಕಿಂಡಿಯಿಂದ, ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಫ್ಯಾನೂ ಬೇಡ, ಕರೆಂಟೂ ಬೇಡ. ಆಗಿನವರು ಇದನ್ನು ಯಾವ ಕಾಲೇಜಿನಲ್ಲೂ ಓದಿರಲಿಲ್ಲ.

ಈಗ? ಮೂವತ್ತು-ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ಅಂತಸ್ತು. ಒಂದೊಂದು ಅಂತಸ್ತಿನಲ್ಲಿ ಎರಡೆರಡು ಸಂಸಾರ. ನಡುವಿನ ಕೋಣೆಗೆ ಕಿಟಕಿ ಇಟ್ಟರೆ ಅದು ತೆರೆಯುವುದು ಪಕ್ಕದ ಮನೆಯ ಗೋಡೆಗೆ. 'ಮನೆ ಕಟ್ಟಿ ನೋಡು' ಎಂದು ಹಿರಿಯರು ಹೇಳಿದ್ದು ಕಟ್ಟುವವರ ಕಷ್ಟಕ್ಕೆ. ಒಳಗೆ ಇರುವವರ ಕಷ್ಟ ಯಾರಿಗೆ ಹೇಳೋಣ?

ಕಿಟಕಿಗೂ ಲೆಕ್ಕ ಉಂಟು

ಕಿಟಕಿ ಎಷ್ಟು ದೊಡ್ಡದಿರಬೇಕು ಎಂಬುದು ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲೆಕ್ಕ ಕೊಟ್ಟಿದ್ದಾರೆ. ಬಾಗಿಲನ್ನು ಬಿಟ್ಟು, ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಪಾಲು, ಹದವಾದ ಹವೆಯಲ್ಲಿ ಎಂಟನೇ ಒಂದು ಪಾಲು, ಕರಾವಳಿಯಂಥ ತೇವದ ಸೆಕೆಯಲ್ಲಿ ಆರನೇ ಒಂದು ಪಾಲು ಕಿಟಕಿ ಇರಬೇಕು. ಅಂದರೆ 10 ಅಡಿಗೆ 10 ಅಡಿಯ ಕೋಣೆಗೆ ಕಡಿಮೆಯೆಂದರೂ 10 ಚದರಡಿ. ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರ ಎಂದಿಟ್ಟುಕೊಳ್ಳಿ. ಟೇಪು ಹಿಡಿದು ಒಂದ್ಸಲ ಅಳೆದು ನೋಡಿ, ಗೊತ್ತಾಗುತ್ತೆ.

ಇನ್ನೊಂದು ಸೂಕ್ಷ್ಮ. ಹಳೆಯ ಮರದ ಕಿಟಕಿಯ ಎರಡೂ ರೆಕ್ಕೆ ತೆರೆದರೆ ಇಡೀ ಕಿಟಕಿ ತೆರೆದ ಹಾಗೆ. ಈಗ ಬಂದಿರುವ ಜಾರುವ ಗಾಜಿನ ಕಿಟಕಿ ಎಷ್ಟೇ ತೆಗೆದರೂ ಅರ್ಧವೇ. ನೋಡಲು ಚೆಂದ, ಗಾಳಿಗೆ ಮಾತ್ರ ಅರ್ಧ ಬಾಗಿಲು.

ಒಂದೇ ಕಿಟಕಿ ಇದ್ದರೆ ಗಾಳಿ ಬರುವುದೆಲ್ಲಿ, ಹೋಗುವುದೆಲ್ಲಿ? ಎದುರು ಬದುರು ಎರಡು ಕಿಂಡಿ ಬೇಕು. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಡುವಣದ ಕಡೆಯಿಂದ ಬೀಸುತ್ತದೆ. ಆ ಕಡೆಯ ಕಿಟಕಿ, ಅದಕ್ಕೆದುರಾದ ಬಾಗಿಲು ಎರಡನ್ನೂ ತೆಗೆದಿಟ್ಟರೆ ಒಗ್ಗರಣೆಯ ಘಾಟು ಬೇಗನೆ ಖಾಲಿ. ದೊಡ್ಡ ರಸ್ತೆಯ ಪಕ್ಕದ ಮನೆಯವರು ವಾಹನಗಳ ಭರಾಟೆಯ ಹೊತ್ತು ಬಿಟ್ಟು ಬೇರೆ ಹೊತ್ತು ನೋಡಿಕೊಳ್ಳಬೇಕು. 'ಸೊಳ್ಳೆ ಬರುತ್ತಲ್ಲ ಸ್ವಾಮಿ' ಎನ್ನುವವರ ಮಾತೂ ಸರಿಯೇ. ಅದಕ್ಕೆ ಮದ್ದು ಜಾಲರಿ, ಮುಚ್ಚಿದ ಕಿಟಕಿಯಲ್ಲ. ಜಾಲರಿಗೆ ಧೂಳು ಮೆತ್ತಿಕೊಂಡರೆ ಗಾಳಿ ತಡೆಯುತ್ತದೆ, ಆಗಾಗ ತೊಳೆಯಬೇಕು.

ಹೊಗೆ ಯಾವತ್ತೂ ಹೊಗೆಯೇ

ಈಗ ಕಹಿ ಮಾತಿಗೆ ಬರೋಣ. ಊದುಬತ್ತಿ, ಧೂಪ, ಸಾಂಬ್ರಾಣಿ ಹಚ್ಚಿದರೆ ಗಾಳಿ ಶುದ್ಧವಾಗುತ್ತದೆ ಎಂದು ನಂಬಿದವರು ಬಹಳ. ಅವು ಸಸ್ಯಮೂಲದ ವಸ್ತುಗಳು ನಿಜ. ಹಾಲುಮಡ್ಡಿ ಕಾಡುಮರದ ಅಂಟು, ಧೂಪ ಧೂಪದ ಮರದ ರಾಳ. ಆದರೆ ಬೆಂಕಿ ತಾಗಿದ ಮೇಲೆ ಎಲ್ಲವೂ ಹೊಗೆಯೇ. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿರುತ್ತವೆ. ಅವು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಅಡವಿಯಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಹೊಗೆ ಸಾಧುವಾಗುವುದಿಲ್ಲ. ಸೌದೆಯೂ ಅಡವಿಯಿಂದಲೇ ಬಂದದ್ದು!

ಸಿಂಗಪುರದಲ್ಲಿ 61,000ಕ್ಕೂ ಹೆಚ್ಚು ಚೀನೀಯರನ್ನು ವರ್ಷಾನುಗಟ್ಟಲೆ ಗಮನಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲ ಮನೆಯಲ್ಲಿ ಊದುಬತ್ತಿ ಉರಿಸಿದವರಲ್ಲಿ ಉಸಿರಾಟದ ಮಾರ್ಗದ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಸೊಳ್ಳೆ ಬತ್ತಿಯ ಸುರುಳಿಯ ಕಥೆಯಂತೂ ಕೇಳುವುದೇ ಬೇಡ. ಒಂದು ಸುರುಳಿ ಪೂರ್ತಿ ಉರಿದರೆ ಹೊರಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಅಳೆದು ಹೇಳಿದರು. ಬೀಡಿ ಮುಟ್ಟದ ಮನೆಯವರೂ ಬಾಗಿಲು ಹಾಕಿಕೊಂಡು ರಾತ್ರಿಯಿಡೀ ಅದನ್ನು ಎಳೆಯುತ್ತಾರೆ.

ಹಾಗಾದರೆ ದೇವರಿಗೆ ಊದುಬತ್ತಿ ಹಚ್ಚೋದೇ ಬೇಡವೆ? ಹಾಗೆಂದು ಯಾರೂ ಹೇಳುತ್ತಿಲ್ಲ. ಮನೆಯಲ್ಲೇ ಕೂತು ಬತ್ತಿ ಹೊಸೆದು ಸಂಸಾರ ಸಾಗಿಸಿದ ಹೆಣ್ಣುಮಕ್ಕಳು ಈ ಊರಲ್ಲಿ ಕಡಿಮೆಯಿಲ್ಲ. ಅವರ ಕೈಗೆ ಕೆಲಸ ಇರಲೇಬೇಕು. ದೇವರ ಮುಂದೆ ಒಂದು ಕಡ್ಡಿ ಸಾಕು, ಕಿಟಕಿ ತೆಗೆದಿರಲಿ. ಪೂಜೆ ಮುಗಿದ ಮೇಲೂ ದಿನವಿಡೀ ಕಟ್ಟುಗಟ್ಟಲೆ ಉರಿಸುವುದು ಮಾತ್ರ ದೇವರಿಗಾಗಿ ಅಲ್ಲ, ಬಚ್ಚಲ ವಾಸನೆ ಮುಚ್ಚಲಿಕ್ಕೆ. ಅಂದ ಹಾಗೆ, ಬತ್ತಿ ಹೊಸೆಯುವವರ ಮೂಗಿಗೂ ಆ ಪುಡಿ ಹೋಗುತ್ತದೆ. ಜಗುಲಿಯಲ್ಲೋ ಹಿತ್ತಲಲ್ಲೋ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಸೆಯುವುದು ಕ್ಷೇಮ.

ಬಾಣಂತಿ ಕೋಣೆಯ ಕೆಂಡ

ಎಲ್ಲಕ್ಕಿಂತ ಹುಷಾರಾಗಿರಬೇಕಾದ್ದು ಬಾಣಂತಿ ಕೋಣೆಯಲ್ಲಿ. ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಓಮಿನಕಾಳು, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವುದು ಹಳೆಯ ರೂಢಿ. 'ತಂಡಿ ಗಾಳಿ ಬಡಿಯುತ್ತೆ' ಅಂತ ಕಿಟಕಿ ಬಾಗಿಲಿಗೆಲ್ಲಾ ಬಟ್ಟೆ ಬೇರೆ ತುರುಕಿರುತ್ತಾರೆ. ಹಳೆಯ ಹೆಂಚಿನ ಮನೆಯಲ್ಲಿ ಮುಚ್ಚಿದರೂ ಹೊಗೆ ಹೋಗಲು ಸಂದು ಇತ್ತು. ತಾರಸಿ ಮನೆಯಲ್ಲಿ ಎಲ್ಲಿದೆ ಸಂದು?

ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆ ಇಟ್ಟು ಮಲಗಿ ಸತ್ತವರ ಸುದ್ದಿ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. ಸಾಂಬ್ರಾಣಿಯ ಘಮಕ್ಕೆ ಈ ವಿಷವನ್ನು ಓಡಿಸುವ ಶಕ್ತಿಯಿಲ್ಲ. ಬದಲಿಗೆ ಎಲ್ಲ ಚೆನ್ನಾಗಿದೆ ಎಂಬ ಧೈರ್ಯ ಕೊಡುತ್ತದೆ, ಅಷ್ಟೆ.

ಮಗುವಿನ ತಲೆಯನ್ನು ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಹಸುಗೂಸಿನ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ ಬೇಡ. ಹಿರಿಯರ ಮನಸ್ಸು ನೋಯಬಾರದೆಂದರೆ ಕೆಂಡದ ಶಾಸ್ತ್ರ ಹಿತ್ತಲಲ್ಲೋ ಪಡಸಾಲೆಯಲ್ಲೋ ಆಗಲಿ, ಮಗು ಅಲ್ಲಿಂದ ದೂರವಿರಲಿ. ಕೆಂಡವಿಟ್ಟ ಕೋಣೆಯಲ್ಲಿ ಯಾರೂ ಮಲಗಬಾರದು. ಬೆಚ್ಚಗಿಡುವುದಕ್ಕೆ ಕಂಬಳಿ ಇದೆ, ತಾಯಿಯ ಮೈ ಇದೆ.

ಒಲೆಯ ವಿಷಯದಲ್ಲೂ ಇದೇ ನ್ಯಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಕೊಳವೆಯಿಟ್ಟ ಮಣ್ಣಿನ ಒಲೆ ರೂಪಿಸಿದರು. 1980ರ ದಶಕದಲ್ಲಿ 'ಅಸ್ತ್ರ ಒಲೆ' ಹಳ್ಳಿಹಳ್ಳಿಗೆ ಹೋಯಿತು. ಅದರ ಗುಟ್ಟು ಎರಡೇ: ಸೌದೆ ಚೆನ್ನಾಗಿ ಉರಿಯಬೇಕು, ಉಳಿದ ಹೊಗೆ ಮಾಡಿನಾಚೆ ಹೋಗಬೇಕು. ಈಗ ಅಡುಗೆಗೆ ಗ್ಯಾಸು ಬಂದಿದ್ದರೂ ಎಷ್ಟೋ ಮನೆಗಳ ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಲೇ ಇದೆ. ಅದಕ್ಕೂ ಒಂದು ಕೊಳವೆ ಬೇಕು. ಗ್ಯಾಸಿನ ಒಲೆಯೂ ಪೂರಾ ಸಾಧುವಲ್ಲ. ಒಗ್ಗರಣೆ, ಕರಿಯುವುದು ಎಲ್ಲದರಲ್ಲೂ ಕಣ ಏಳುತ್ತದೆ. ಒಲೆಯ ಮೇಲುಗಡೆ ಎಕ್ಸಾಸ್ಟ್ ಫ್ಯಾನ್ ಇದ್ದರೆ ಒಳ್ಳೆಯದು. ಅದು ಓಡುವಾಗ ಬೇರೆ ಕಡೆಯ ಕಿಟಕಿ ತೆಗೆದಿಡಿ. ಬರುವ ಗಾಳಿಯಿಲ್ಲದೆ ಹೋಗುವ ಗಾಳಿ ಎಲ್ಲಿಂದ ಬರಬೇಕು?

ಅಜ್ಜಿಯ ಹುಣಿಸೆಹುಳಿ, ಬಚ್ಚಲಿಗೊಂದು ಚೊಂಬು ನೀರು

ಹಳೆಯದೆಲ್ಲಾ ಕೆಟ್ಟದ್ದಲ್ಲ. ಕೆಲವು ಮನೆಮದ್ದುಗಳಲ್ಲಿ ಅಚ್ಚುಕಟ್ಟಾದ ರಸಾಯನಶಾಸ್ತ್ರವೇ ಅಡಗಿದೆ. ಮೀನು ತೊಳೆದ ಪಾತ್ರೆಗೆ, ಕೈಗೆ ಅಜ್ಜಿಯರು ಹುಣಿಸೆಹುಳಿ ಹಚ್ಚಿ ತಿಕ್ಕುತ್ತಿದ್ದರು. ಮೀನಿನ ನಾತ ಕ್ಷಾರದ ಗುಣದ್ದು, ಹುಣಿಸೆ ಆಮ್ಲದ ಗುಣದ್ದು. ಎರಡೂ ಸೇರಿದರೆ ನಾತ ಮಡಿಯುತ್ತದೆ. ನಿಂಬೆಹಣ್ಣೂ ಅದನ್ನೇ ಮಾಡುತ್ತದೆ. ಹಾಲು ಉಕ್ಕಿ ಹುಳಿತ ವಾಸನೆಗೆ ಇದರ ತದ್ವಿರುದ್ಧ: ಅಲ್ಲಿ ಅಡುಗೆ ಸೋಡಾ ಕೆಲಸಕ್ಕೆ ಬರುತ್ತದೆ. ಒಂದು ಬಟ್ಟಲಲ್ಲಿ ಸೋಡಾ ಹಾಕಿ ಫ್ರಿಜ್ಜಿನ ಮೂಲೆಯಲ್ಲಿಟ್ಟರೆ ಹುಳಿ ವಾಸನೆ ತಗ್ಗುತ್ತದೆ. ಇವು ವಾಸನೆ ಮುಚ್ಚುವ ಉಪಾಯಗಳಲ್ಲ, ತೆಗೆಯುವ ಉಪಾಯಗಳು.

ಬಚ್ಚಲ ಗಬ್ಬಿಗೆ ಇನ್ನೂ ಸುಲಭ. ನೀರು ಹೋಗುವ ಜಾಲರಿಯ ಕೆಳಗೆ ಬಾಗಿದ ಕೊಳವೆ ಇರುತ್ತದೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು. ಒಳಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವ ಬಾಗಿಲು ಅದೇ. ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಆ ನೀರು ಆರಿಹೋಗಿರುತ್ತದೆ. ಮನೆ ತುಂಬಾ ಗಬ್ಬು. ಕೂಡಲೇ ಫಿನಾಯಿಲ್ ಬಾಟಲಿಗೆ ಓಡುತ್ತಾರೆ. ಬೇಕಾದ್ದು ಒಂದು ಚೊಂಬು ನೀರು! ಬಳಸದ ಬಚ್ಚಲಿಗೆ ವಾರಕ್ಕೊಮ್ಮೆ ನೀರು ಸುರಿದರೆ ಮುಗಿಯಿತು. ಆಮೇಲೂ ನಾತ ಹೋಗದಿದ್ದರೆ ಕೊಳವೆಯಲ್ಲೇ ದೋಷವಿದೆ ಎಂದು ತಿಳಿದು ಪ್ಲಂಬರನ್ನು ಕರೆಯಬೇಕು.

ಸುಣ್ಣ, ಬಿಸಿಲು, ಲಾವಂಚ

ಮಳೆಗಾಲದ ಮುಗ್ಗಲು ವಾಸನೆ ಬೂಷ್ಟಿನ ಕೆಲಸ. ತೇವ ಇರುವ ತನಕ ಬೂಷ್ಟು ಇರುತ್ತದೆ, ಎಷ್ಟು ಸೆಂಟು ಹೊಡೆದರೂ ಅಷ್ಟೆ. ಹಿಂದೆ ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಿದ್ದುದು ಬರೀ ಬೆಳ್ಳಗೆ ಕಾಣಲಿ ಎಂದಲ್ಲ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಈಗಿನ ಪ್ಲಾಸ್ಟಿಕ್ ಬಣ್ಣ ಬಳಿಯುವವರು ಮೊದಲು ಗೋಡೆಗೆ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ನೋಡಬೇಕು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಒಣಹಾಕಿದರೆ ಆ ನೀರೆಲ್ಲಾ ಗೋಡೆಗೆ ಹೋಗುತ್ತದೆ. ಬಿಸಿಲು ಕಂಡ ದಿನ ಹಾಸಿಗೆ, ದಿಂಬು, ಬೀರುವಿನ ಬಟ್ಟೆಯನ್ನು ತಾರಸಿಗೆ ಹಾಕಿ. ಬಿಸಿಲಿಗಿಂತ ಅಗ್ಗದ ಔಷಧಿ ಇಲ್ಲ.

ಬಟ್ಟೆಯ ನಡುವೆ ನಾಫ್ತಲಿನ್ ಗುಳಿಗೆ ಹಾಕುವ ಬದಲು ಒಂದು ಹಿಡಿ ಲಾವಂಚದ ಬೇರು ಇಡಬಹುದು. ಗುಳಿಗೆಯಾಗಲಿ ಕರ್ಪೂರವಾಗಲಿ ಮಕ್ಕಳ ಬಾಯಿಗೆ ಹೋದರೆ ಅಪಾಯ, ಮರೆಯಬೇಡಿ. ಲಾವಂಚದ ತಡಿಕೆಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೆ ಮಾರ್ಚ್, ಏಪ್ರಿಲ್ಲಿನ ಒಣ ಸೆಕೆಯಲ್ಲಿ ಒಳಗೆ ತಂಪು, ಜೊತೆಗೆ ಮಣ್ಣಿನ ಘಮ. ನೀರು ಆರುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅದೇ ಗುಟ್ಟು. ಕರಾವಳಿಯ ತೇವದ ಹವೆಯಲ್ಲಿ ಇದು ಅಷ್ಟಾಗಿ ನಡೆಯದು. ಆಗಾಗ ಬಿಸಿಲಿಗೆ ಹಾಕದಿದ್ದರೆ ತಡಿಕೆಗೇ ಬೂಷ್ಟು ಹಿಡಿಯುತ್ತದೆ.

ಕುಂಡದ ಗಿಡ ಮತ್ತು ಡಬ್ಬಿಯ ಸೆಂಟು

ಈಚೆಗೆ ಕುಂಡದ ಗಿಡದ ಹುಚ್ಚು ಜೋರು. ಗಾಳಿ ಶುದ್ಧಿ ಮಾಡುತ್ತೆ ಅಂತ ನರ್ಸರಿಯವರು ಹೇಳುತ್ತಾರೆ. ಈ ಮಾತಿಗೆ ಮೂಲ ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಮಾಡಿದ ಪ್ರಯೋಗ. ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. ಅಂಥ ಪ್ರಯೋಗಗಳನ್ನೆಲ್ಲಾ 2019ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ತಿಳಿದದ್ದು ಇಷ್ಟು: ಕಿಟಕಿ ಬಾಗಿಲ ಗಾಳಿಗೆ ಗಿಡಗಳು ಸಮನಾಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ ಕಡಿಮೆಯೆಂದರೂ 10 ಗಿಡ ಬೇಕು, ಕೆಲವು ಲೆಕ್ಕದಲ್ಲಿ 1000 ಬೇಕು! ಆಗ ಮನೆಯಲ್ಲಿ ಗಿಡ ಇರಬಹುದು, ಮನುಷ್ಯ ಇರಲಾರ. ತುಳಸಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬುದೂ ಬರೀ ಮಾತು. ಬೆಳಕಿಲ್ಲದೆ ಆ ಕೆಲಸ ಆಗುವುದಿಲ್ಲ. ಗಿಡ ಕಣ್ಣಿಗೆ ತಂಪು, ಮನಸ್ಸಿಗೆ ಹಿತ. ಅದಕ್ಕಾಗಿ ಇಡಿ, ಕಿಟಕಿಯ ಬದಲಿಗೆ ಇಡಬೇಡಿ.

ಡಬ್ಬಿಯ ಸೆಂಟು ಬೇಡವೆಂದು ನಿಂಬೆ ಎಣ್ಣೆ, ಕಿತ್ತಳೆ ಎಣ್ಣೆ ತಂದು ಚಿಮುಕಿಸುವವರೂ ಗಮನಿಸಬೇಕು. ಆ ಎಣ್ಣೆಗಳ ಆವಿ ಗಾಳಿಯಲ್ಲಿರುವ ಓಜೋನಿನ ಜೊತೆ ಸೇರಿ ಫಾರ್ಮಾಲ್ಡಿಹೈಡ್‌ನಂಥ ಕೆರಳಿಸುವ ವಸ್ತು ಹುಟ್ಟಿಸುತ್ತದೆ. ಆಸ್ತಮಾ ಇರುವ ಮನೆಯಲ್ಲಿ ಹೂವಿನ ಘಾಟೂ ಕೆಲವರಿಗೆ ಆಗದು. ಹಿತಮಿತ ಇದ್ದರೆ ಸರಿ.

ಅಂಗಡಿ ಮುಂಗಟ್ಟಿನವರಿಗೆ

ಮನೆಯವರಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂರುವವರು ಅಂಗಡಿಯವರು. ಎಂಟಡಿ ಹತ್ತಡಿ ಮಳಿಗೆ, ಮುಂದೆ ಷಟರ್, ಹಿಂದೆ ಗೋಡೆ. ಇಂಗು, ಸಾಬೂನು, ಒಣಮೆಣಸಿನಕಾಯಿ, ಗೋಣಿ ಚೀಲದ ಧೂಳು ಎಲ್ಲಾ ಒಟ್ಟಿಗೆ. ಅದರ ಮೇಲೆ ಬೆಳಗಿನಿಂದ ರಾತ್ರಿವರೆಗೆ ಊದುಬತ್ತಿ. ಗಿರಾಕಿ ಐದು ನಿಮಿಷ ನಿಂತು ಹೋಗುತ್ತಾನೆ, ಸಾಹುಕಾರರೂ ಹುಡುಗನೂ ಹನ್ನೆರಡು ಗಂಟೆ ಉಸಿರಾಡುತ್ತಾರೆ. ಮಾಲೀಕರನ್ನು ಒಪ್ಪಿಸಿ ಹಿಂದಿನ ಗೋಡೆಯ ಮೇಲುಗಡೆ ಒಂದು ಕಿಂಡಿ ಹೊಡೆಸಿ ಜಾಲರಿ ಹಾಕಿಸಿದರೆ ಅರ್ಧ ತೊಂದರೆ ನೀಗಿತು. ಘಾಟಿನ ಸಾಮಾನಿಗೆ ಮುಚ್ಚಳದ ಡಬ್ಬಿ, ಬೆಳಗ್ಗೆ ಕಸ ಗುಡಿಸುವ ಮುಂಚೆ ನಾಲ್ಕು ಹನಿ ನೀರು, ಉಳಿದರ್ಧ ಅದರಿಂದ.

ಬಾಡಿಗೆಗೆ ಮನೆ ನೋಡಲು ಹೋಗುವವರು ನಲ್ಲಿಯಲ್ಲಿ ನೀರು ಬರುತ್ತಾ, ಬಸ್ ಸ್ಟಾಪ್ ಹತ್ತಿರವಿದೆಯಾ, ಅಡ್ವಾನ್ಸ್ ಎಷ್ಟು ಅಂತೆಲ್ಲಾ ಕೇಳುತ್ತಾರೆ. ಇನ್ನು ಮುಂದೆ ಒಂದು ಕೆಲಸ ಹೆಚ್ಚಾಗಿ ಮಾಡಲಿ. ಎಲ್ಲಾ ಕಿಟಕಿ ತೆಗೆಸಿ, ನಡುಮನೆಯಲ್ಲಿ ನಿಂತು, ತೆಳು ಕಾಗದದ ಒಂದು ಚೂರನ್ನು ಬೆರಳಲ್ಲಿ ಹಿಡಿಯಲಿ. ಕಾಗದ ಅಲುಗಾಡಿದರೆ ಗಾಳಿ ಇದೆ. ಅಲುಗದಿದ್ದರೆ ಮಾಲೀಕರನ್ನು ಧೈರ್ಯವಾಗಿ ಕೇಳಲಿ: 'ಸ್ವಾಮಿ, ಬಾಡಿಗೆ ಸರಿ, ಗಾಳಿ ಎಲ್ಲಿ?'

ಹತ್ತು ಜನ ಹೀಗೆ ಕೇಳಿ ಹಿಂದಿರುಗಿದರೆ ಹನ್ನೊಂದನೆಯವರು ಬರುವಷ್ಟರಲ್ಲಿ ಗೋಡೆಯಲ್ಲಿ ಕಿಟಕಿ ಬಿದ್ದಿರುತ್ತದೆ.